ಮೇ ತಿಂಗಳಲ್ಲಿ ಮಂಕಿ ಕ್ಯಾಪ್

ಹೋದ ಮೇ ತಿಂಗಳು ನಮ್ಮ ಬೆಂಗಳೂರು ಆಫೀಸಿನ ಜೊತೆ ವಿಡಿಯೋ ಕಾಲ್ ಇತ್ತು. ಅಲ್ಲಿನ ಹುಡುಗ ಸರ್ವರ್ ರೂಮಿನಿಂದಲೇ ಮಾತಾಡುತ್ತಿದ್ದ. ಮೈಮೇಲೆ ದಪ್ಪ ಸ್ವೆಟರ್, ತಲೆಗೆ ಮಂಕಿ ಕ್ಯಾಪ್. ನನ್ನ ಪಕ್ಕ ಕೂತಿದ್ದ ಜರ್ಮನ್ ಸಹೋದ್ಯೋಗಿ ಮೆಲ್ಲಗೆ ಕೇಳಿದಳು, "ನಿಮ್ಮೂರಲ್ಲಿ ಈಗ ಚಳಿಗಾಲವಾ?" ತಮಾಷೆಗೆ ಕೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನಿಜವಾಗಿಯೂ ಕೇಳಿದ್ದಳು. ಚುರುಕ್ ಎಂದಿತು.

ನಾನು ಫ್ರಾಂಕ್‌ಫರ್ಟ್‌ಗೆ ಬಂದು ಒಂಬತ್ತು ವರ್ಷ. ಮೊದಲ ದಿನ ಇಲ್ಲಿನ ಡೇಟಾ ಸೆಂಟರಿಗೆ ಜಾಕೆಟ್ ಹಾಕಿಕೊಂಡೇ ಹೋಗಿದ್ದೆ. ಬೆಂಗಳೂರಿನ ಅಭ್ಯಾಸ ನೋಡಿ. ಹತ್ತೇ ನಿಮಿಷಕ್ಕೆ ಬೆವರು. ಸರ್ವರುಗಳನ್ನು ಜೋಡಿಸಿಟ್ಟ ರ‍್ಯಾಕಿನ ಮುಂದೆ ಬರುವ ಗಾಳಿಯೇ 26 ಡಿಗ್ರಿ. ಸರ್ವರ್‌ ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಇದ್ದರೆ ಸಾಕು ಎಂದು ಎಸಿ ಎಂಜಿನಿಯರುಗಳ ಅಮೆರಿಕದ ಸಂಸ್ಥೆ ಆಶ್ರೇ ಹೇಳುತ್ತಲೇ ಬಂದಿದೆ. ಇವರು ಮೇಲಿನ ಅಂಚಿನ ಹತ್ತಿರ ಇಡುತ್ತಾರೆ. ನಾವು ಕೆಳಗಿನ ಅಂಚಿಗಿಂತಲೂ ಕೆಳಗೆ.

ಇಲ್ಲಿ ಪ್ರತಿ ರ‍್ಯಾಕಿಗೂ ಮೀಟರ್ ಇದೆ. ತಂಪು ಮಾಡುವ ಯಂತ್ರ ಚಿಲ್ಲರಿಗೆ ಬೇರೆ, ಯುಪಿಎಸ್‌ಗೆ ಬೇರೆ. ಕಟ್ಟಡಕ್ಕೆ ಬಂದ ಒಟ್ಟು ಕರೆಂಟನ್ನು ಸರ್ವರುಗಳು ತಿಂದ ಕರೆಂಟಿನಿಂದ ಭಾಗಿಸಿದರೆ ಪಿಯುಇ ಎಂಬ ಅಳತೆ ಸಿಗುತ್ತದೆ. 1.8 ಬಂತು ಅಂದರೆ, ಸರ್ವರಿಗೆ 100 ಯೂನಿಟ್ ಕೊಡಲು ಮಿಕ್ಕಿದ್ದಕ್ಕೆ ಇನ್ನೂ 80 ಸುರಿದಿದ್ದೇವೆ ಎಂದರ್ಥ. ಅದರಲ್ಲಿ ಜಾಸ್ತಿ ಪಾಲು ತಣ್ಣಗಿಡುವುದಕ್ಕೇ.

ಬೆಂಗಳೂರಿನಲ್ಲಿ ನಾನಿದ್ದಾಗ ಲಿಫ್ಟು, ಕ್ಯಾಂಟೀನು, ಸರ್ವರ್ ರೂಮು ಎಲ್ಲಕ್ಕೂ ಸೇರಿ ಒಂದೇ ಮೀಟರ್. "ಬಿಲ್ ಅಡ್ಮಿನ್‌ನವರು ನೋಡ್ಕೋತಾರೆ" ಅಲ್ಲಿಗೆ ಮಾತು ಮುಗಿಯಿತು. ರ‍್ಯಾಕಿನ ಖಾಲಿ ಸ್ಲಾಟುಗಳು ಬಾಯಿ ತೆರೆದುಕೊಂಡಿದ್ದವು. ಹಿಂದಿನ ಬಿಸಿ ಗಾಳಿ ಅದರಲ್ಲೇ ನುಗ್ಗಿ ಮುಂದೆ ಬರುತ್ತಿತ್ತು. ಮೇಲಿನ ಸರ್ವರ್ ಕಾದು ಅಲಾರಂ ಹೊಡೆದರೆ ಎಸಿ ಇನ್ನೆರಡು ಡಿಗ್ರಿ ಇಳಿಸುವುದು. ಆ ಸ್ಲಾಟಿಗೆ ಒಂದು ಬ್ಲಾಂಕಿಂಗ್ ಪ್ಯಾನೆಲ್, ಅಂದರೆ ಖಾಲಿ ಜಾಗ ಮುಚ್ಚುವ ಹಲಗೆ, ಬಡಿದಿದ್ದರೆ ಮುಗೀತಿತ್ತು.

ಲೆಕ್ಕ ನಮಗೆ ಬರದೇ ಇಲ್ಲ. ನಮ್ಮಪ್ಪ ಈಗಲೂ ಒಂದನೇ ತಾರೀಕು ಮೀಟರ್ ನೋಡಿ ಕ್ಯಾಲೆಂಡರಿನ ಮೂಲೆಯಲ್ಲಿ ರೀಡಿಂಗ್ ಬರೆಯುತ್ತಾರೆ. ಹತ್ತು ಯೂನಿಟ್ ಏರಿದರೆ ಮನೆಯಲ್ಲಿ ವಿಚಾರಣೆ: ಗೀಸರ್ ಆಫ್ ಮಾಡದೆ ಹೋದವರ‍್ಯಾರು? ಅಂಥ ಮನೆಗಳಿಂದ ಬಂದವರೇ ಅಲ್ವಾ ಆಫೀಸಿನಲ್ಲಿ ಸ್ವೆಟರ್ ಹಾಕಿ ಕೂರುವುದು?

ಸೆಖೆ ಊರು ಎಂಬ ನೆಪವೂ ನಡೆಯುವುದಿಲ್ಲ. ಸದಾ ಬೇಯುವ ಸಿಂಗಪುರವೇ 2023ರಲ್ಲಿ 26 ಡಿಗ್ರಿಗೂ ಅದರ ಮೇಲಕ್ಕೂ ಹೋಗಿ ಎಂದು ಡೇಟಾ ಸೆಂಟರುಗಳಿಗೆ ಮಾನದಂಡ ಬರೆದುಕೊಟ್ಟಿತು. ಬೆಂಗಳೂರಿನ ರಾತ್ರಿ ಗಾಳಿಯಂತೂ ಬಿಟ್ಟಿ ಎಸಿ.

ಕಾಲ್ ಮುಗಿದ ಮೇಲೆ ಇದನ್ನೆಲ್ಲ ಆ ಹುಡುಗನಿಗೆ ಉದ್ದಕ್ಕೆ ಬರೆದೆ. ಅವನ ಉತ್ತರ ಚಿಕ್ಕದು. "ಸರ್, ಯುಪಿಎಸ್ ಮೇಲಿರೋದು ಸರ್ವರ್ ಮಾತ್ರ, ಎಸಿ ಅಲ್ಲ. ಕರೆಂಟ್ ಹೋಗಿ ಜನರೇಟರ್ ಹತ್ತೋವರೆಗೆ ಈ ತಂಡಿನೇ ನಮ್ಮನ್ನ ಕಾಯೋದು."

ಹೌದು, ಅದನ್ನು ಮರೆತಿದ್ದೆ. ಒಂಬತ್ತು ವರ್ಷದಲ್ಲಿ ಇಲ್ಲಿ ಜನರೇಟರ್ ಸದ್ದು ಕೇಳಿದ್ದು ಟೆಸ್ಟ್ ಮಾಡುವ ದಿನ ಮಾತ್ರ. ಜರ್ಮನಿಯವರೇನು ಹುಟ್ಟಾ ಜಾಣರೂ ಅಲ್ಲ. 2023ರ ಕಾನೂನು ಹಳೇ ಡೇಟಾ ಸೆಂಟರುಗಳಿಗೆ 2027ರ ಜುಲೈಗೆ 1.5, 2030ರ ಜುಲೈಗೆ 1.3 ಎಂದು ಪಿಯುಇ ಗಡುವು ಹಾಕಿದ ಮೇಲೆ ಇಲ್ಲೂ ಓಡಾಟ ಜೋರಾಯಿತು. ನೀನು ಬರುವ ಮೊದಲು ನಾವೂ ಜಾಕೆಟ್ ಹಾಕುತ್ತಿದ್ದೆವು ಎಂದು ಇಲ್ಲಿನ ಹಳಬರೊಬ್ಬರು ಕಾಫಿ ಕುಡಿಯುತ್ತಾ ಒಪ್ಪಿಕೊಂಡರು.

ಮೊನ್ನೆ ಹುಡುಗ ಫೋಟೋ ಕಳಿಸಿದ. ಖಾಲಿ ಸ್ಲಾಟಿಗೆಲ್ಲ ರಟ್ಟು ಕತ್ತರಿಸಿ ಅಂಟಿಸಿದ್ದಾನೆ. ಎಸಿ 22ಕ್ಕೆ ಏರಿದೆ. "ರಟ್ಟು ತೆಗಿ ಮಾರಾಯ, ಬೆಂಕಿ ಹತ್ತೀತು" ಎಂದು ಬರೆದೆ.

"ಪ್ಯಾನೆಲ್‌ಗೆ ಇಂಡೆಂಟ್ ಹಾಕಿ ಎರಡು ವಾರ ಆಯ್ತು ಸರ್. ಪರ್ಚೇಸ್‌ನವರು ಕೊಡ್ಬೇಕಲ್ಲ."