ಸತ್ಯಾಂಶ: ಎಕ್ಸೆಲ್ ಬಂದರೆ ಲೆಕ್ಕ ಬಂದಂತೆಯೇ?

“ಎಕ್ಸೆಲ್ ಕಲಿತರೆ ಸಾಕು, ಜಮಾ-ಖರ್ಚನ್ನು ಅದೇ ನೋಡಿಕೊಳ್ಳುತ್ತದೆ” ಎಂಬ ಸಂದೇಶ ದಾವಣಗೆರೆಯ ಉದ್ಯೋಗಾಕಾಂಕ್ಷಿಗಳ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಮೆಕ್ಕೆಜೋಳದ ಮಂಡಿಯೊಂದರಲ್ಲಿ ಹೊಸ ತೂಕದ ಯಂತ್ರಕ್ಕೆ ಕೊಟ್ಟ 40,000 ರೂಪಾಯಿಯನ್ನು ಗುಮಾಸ್ತರು ರಿಪೇರಿ ಖರ್ಚಿಗೆ ಬರೆದರು ಎನ್ನಿ. ಜಮಾ, ಖರ್ಚು ಎರಡೂ ಬದಿಯ ಮೊತ್ತ ತಾಳೆಯಾಗುತ್ತದೆ, ಎಕ್ಸೆಲ್ ಚಕಾರ ಎತ್ತುವುದಿಲ್ಲ. ಆದರೆ ಆ ವರ್ಷದ ಲಾಭ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಯಂತ್ರವೆಂದರೆ ಆಸ್ತಿ, ಅದರ ಪೂರ್ತಿ ಬೆಲೆ ಒಂದೇ ವರ್ಷದ ಖರ್ಚಲ್ಲ ಎಂಬುದು ಬರೆಯುವವರಿಗೆ ತಿಳಿದಿರಬೇಕು. ಸಂಖ್ಯೆಯಾಗಿ ಅಲ್ಲದೆ ಪಠ್ಯವಾಗಿ (ಬರೀ ಅಕ್ಷರಗಳಂತೆ) ಉಳಿದುಕೊಂಡ ಅಂಕಿಗಳನ್ನಂತೂ ಕಾಲಂ ಕೂಡುವ ಸಮ್ ಸೂತ್ರ ಸದ್ದಿಲ್ಲದೆ ಬಿಟ್ಟುಬಿಡುತ್ತದೆ!

ದಾಖಲೆಗಳನ್ನು ಪಟ್ಟಿಗಳಲ್ಲಿ ಜೋಡಿಸಿಡುವ ಡೇಟಾಬೇಸ್‌ನಲ್ಲಿ ಬಿಲ್ ಸಂಖ್ಯೆಯನ್ನು ಪ್ರೈಮರಿ ಕೀ (ಪ್ರತಿ ದಾಖಲೆಯ ಪ್ರತ್ಯೇಕ ಗುರುತು) ಮಾಡಿದರೆ ಒಂದೇ ಸಂಖ್ಯೆ ಎರಡು ಬಾರಿ ಸೇರದು. ತಪ್ಪು ಮೊತ್ತವನ್ನು ಮಾತ್ರ ಅದೂ ಒಪ್ಪಿಕೊಳ್ಳುತ್ತದೆ.

ಇಂಥ ಸಂದೇಶ ನಂಬಿ ಲೆಕ್ಕದ ಮೊದಲ ಪಾಠವನ್ನೇ ಬಿಡುವವರನ್ನು ನೆನೆದರೆ ಸಂಕಟವಾಗುತ್ತದೆ. ಒಂದು ತಿಂಗಳು ನಗದು ಪುಸ್ತಕವನ್ನು ಕೈಯಲ್ಲೇ ಬರೆಯಿರಿ. ಆಮೇಲೆ ಅದನ್ನೇ ಎಕ್ಸೆಲ್‌ಗೆ ಏರಿಸಿ.