ಹಳೆಯ ಮೋಟರ್‌ಹೋಮ್‌ಗೆ ಮೊದಲು ಕಮಾನು, ಆಮೇಲೆ ಏರ್ ಬ್ಯಾಗ್

ಹಳೆಯ ಮೋಟರ್‌ಹೋಮ್‌ನ (ಒಳಗೇ ಅಡುಗೆ, ಮಲಗುವ ವ್ಯವಸ್ಥೆ ಇರುವ ಗಾಡಿಯ) ಹಿಂಭಾಗ ಕೂತಿದೆ ಎಂದು ಅಮೆರಿಕದಲ್ಲಿ ಯಾರನ್ನೇ ಕೇಳಿ, ಏರ್ ಬ್ಯಾಗ್, ಅಂದರೆ ಚಾಸಿಸ್ಸಿಗೂ ಆಕ್ಸಲ್ಲಿಗೂ ನಡುವೆ ಕೂರಿಸುವ ಗಾಳಿಚೀಲ, ಹಾಕಿಸಿಬಿಡಿ ಎನ್ನುತ್ತಾರೆ. ಕಿಟ್ ಪೆಟ್ಟಿಗೆಯಲ್ಲಿ ಮನೆ ಬಾಗಿಲಿಗೆ ಬರುತ್ತದೆ, ವೆಲ್ಡಿಂಗ್ ಬೇಡ, ಗಾಳಿ ತುಂಬಿದ ಕೂಡಲೇ ಗಾಡಿ ಎದ್ದು ನಿಲ್ಲುತ್ತದೆ. ನಮ್ಮ ಹುಬ್ಬಳ್ಳಿ, ತುಮಕೂರಿನ ಹೆದ್ದಾರಿ ಬದಿಯ ಕಮಾನು (ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದಿಟ್ಟು ಕಟ್ಟಿದ ಲೀಫ್ ಸ್ಪ್ರಿಂಗ್) ಗ್ಯಾರೇಜಿಗೆ ಒಂದು ಕಡೆ ವಾಲಿದ ಲಾರಿ ಬಂದರೆ ನಡೆಯುವುದೇ ಬೇರೆ. ಮೇಸ್ತ್ರಿ ಕಮಾನನ್ನು ಆಕ್ಸಲ್ಲಿಗೆ ಬಿಗಿದಿರುವ ಯು-ಬೋಲ್ಟ್ ಬಿಚ್ಚಿ ಅದನ್ನು ಕೆಳಗಿಳಿಸುತ್ತಾನೆ, ಪ್ಲೇಟುಗಳನ್ನು ಒಂದೊಂದಾಗಿ ನೆಲದ ಮೇಲೆ ಸಾಲಾಗಿಟ್ಟು ಯಾವುದು ಒಡೆದಿದೆ, ಯಾವುದು ಬಾಗು ಕಳೆದುಕೊಂಡಿದೆ ಎಂದು ನೋಡುತ್ತಾನೆ. ಹದಿನೈದು ಇಪ್ಪತ್ತು ವರ್ಷ ಹಳೆಯ ಮೋಟರ್‌ಹೋಮ್‌ಗೆ ಈ ಎರಡನೆಯ ದಾರಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಊರಿನ ಪದ್ಧತಿಯನ್ನೆಲ್ಲ ಕಣ್ಣುಮುಚ್ಚಿ ಒಪ್ಪುವಂತೆಯೂ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಅಮೆರಿಕದಲ್ಲಿ ಹೆಚ್ಚು ಕಾಣುವ ಗಾಡಿಯನ್ನೇ ತೆಗೆದುಕೊಳ್ಳೋಣ: ಫೋರ್ಡ್ ಇ-450 ಚಾಸಿಸ್ ಮೇಲೆ ಕಟ್ಟಿದ ಕ್ಲಾಸ್ ಸಿ (ವ್ಯಾನಿನ ಮುಂಭಾಗ ಉಳಿಸಿಕೊಂಡು ಹಿಂದೆ ಮನೆ ಕಟ್ಟಿದ ಬಗೆ), 6.8 ಲೀಟರಿನ ವಿ10 ಎಂಜಿನ್. ಮುಂದೆ ಟ್ವಿನ್ ಐ-ಬೀಮ್ (ಎರಡು ಬಿಡಿ ತೊಲೆಗಳ ಆಕ್ಸಲ್) ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಜೋಡಿ ಚಕ್ರ ಮತ್ತು ಕಮಾನು. ಒಟ್ಟು ಅನುಮತಿತ ತೂಕ ಸಾಮಾನ್ಯವಾಗಿ 14,050 ಅಥವಾ 14,500 ಪೌಂಡ್. ನಿಮ್ಮ ಗಾಡಿಯ ನಿಖರ ಅಂಕಿ ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿರುತ್ತದೆ. ಸಸ್ಪೆನ್ಷನ್ನಿಗೆ ಏನೇ ಸೇರಿಸಿದರೂ ಆ ಅಂಕಿ ಒಂದು ಪೌಂಡೂ ಏರುವುದಿಲ್ಲ, ಏಕೆಂದರೆ ಬ್ರೇಕು, ಆಕ್ಸಲ್, ಬೇರಿಂಗು, ಟೈರು ಎಲ್ಲ ಹಳೆಯವೇ.

ಆದ್ದರಿಂದ ಮೊದಲ ಕೆಲಸ ತೂಕ. ನೀರಿನ ಟ್ಯಾಂಕ್, ಪೆಟ್ರೋಲ್, ಗ್ಯಾಸ್, ಸಾಮಾನು, ಮನೆಮಂದಿ ಎಲ್ಲ ತುಂಬಿಕೊಂಡು ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ (ಲಾರಿ ತೂಗುವ ಕಾಟಾ) ಮೇಲೆ ನಿಲ್ಲಿಸಿ. ಮುಂದಿನ, ಹಿಂದಿನ ಆಕ್ಸಲ್‌ಗಳ ತೂಕ ಬೇರೆಬೇರೆಯಾಗಿ ಸಿಗುತ್ತದೆ. ನೀರೊಂದೇ ಗ್ಯಾಲನ್ನಿಗೆ 8.34 ಪೌಂಡ್, 40 ಗ್ಯಾಲನ್ ಟ್ಯಾಂಕಿನಲ್ಲಿ 330 ಪೌಂಡ್ ದಾಟುತ್ತದೆ. ಇನ್ನು ಹಿಂಬಂಪರಿನ ಆಚೆ ಸೈಕಲ್ ರ್‍ಯಾಕು, ಪೆಟ್ಟಿಗೆ ಏರಿಸುವುದು ಬಹಳ ದುಬಾರಿ. ವೀಲ್‌ಬೇಸ್ 200 ಇಂಚು ಇದ್ದು, ಹಿಂದಿನ ಆಕ್ಸಲ್‌ನಿಂದ 100 ಇಂಚು ಹಿಂದಕ್ಕೆ 200 ಪೌಂಡ್ ತೂಗುಹಾಕಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 300 ಪೌಂಡ್, ಮುಂದಿನ ಆಕ್ಸಲ್ ಕಳೆದುಕೊಳ್ಳುವುದು 100 ಪೌಂಡ್. ಹಿಂದೆ ಕೂತು ಮುಂದೆ ಹಗುರಾದ ಗಾಡಿಗೆ ಸ್ಟೇರಿಂಗ್ ನಿಲ್ಲುವುದಿಲ್ಲ. ಎಷ್ಟೋ ಗಾಡಿಗಳಲ್ಲಿ ಆ ಪೆಟ್ಟಿಗೆಯನ್ನು ಇಳಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಟೈರಿನ ಗಾಳಿಯೂ ತೂಕದ ಲೆಕ್ಕದಲ್ಲೇ ಇರಬೇಕು. ಎಲ್‌ಟಿ225/75ಆರ್16, ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಇ ಟೈರು 80 ಪಿಎಸ್‌ಐನಲ್ಲಿ ಒಂಟಿಯಾಗಿ 2,680 ಪೌಂಡ್, ಜೋಡಿಯಲ್ಲಿ 2,470 ಪೌಂಡ್ ಹೊರುತ್ತದೆ. ಮುಂದಿನ ಆಕ್ಸಲ್ 4,200 ಪೌಂಡ್ ತೂಗಿದರೆ ಒಂದು ಟೈರಿಗೆ 2,100. ಅದಕ್ಕೆ 65 ಪಿಎಸ್‌ಐ ಸಾಕು, ಮೇಲೆ ಸ್ವಲ್ಪ ಮಿಗುತ್ತದೆ. ಅಲ್ಲಿ 80 ತುಂಬಿಕೊಂಡು ಸಸ್ಪೆನ್ಷನ್ ಕುಟ್ಟುತ್ತದೆ ಎಂದು ದೂರುವವರು ಬಹಳ. ಆದರೆ ಒಂದು ಕಡೆಯ ಚಕ್ರದ ಮೇಲೆ ಹೆಚ್ಚು ಭಾರವಿದ್ದರೆ ಆ ಭಾರಿ ಕಡೆಯ ಲೆಕ್ಕದಲ್ಲೇ ಎರಡೂ ಕಡೆಗೆ ಸಮನಾಗಿ ತುಂಬಿ.

ಈಗ ಕಮಾನಿಗೆ ಬರೋಣ. ಸಮತಟ್ಟು ನೆಲದಲ್ಲಿ ನಿಲ್ಲಿಸಿ ಹಿಂದಿನ ಎರಡೂ ಚಕ್ರಗಳ ನಡುಬಿಂದುವಿನಿಂದ ಅದರ ಮೇಲಿನ ಬಾಡಿಯ ಅಂಚಿನವರೆಗೆ ಅಳೆಯಿರಿ. ಎಡಬಲಕ್ಕೆ ಒಂದು ಇಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೆಳಗೆ ಮಲಗಿ ನೋಡಲೇಬೇಕು. ಪ್ಲೇಟು ಬಿರಿಯುವುದು ಹೆಚ್ಚಾಗಿ ಎರಡು ಕಡೆ: ಪ್ಲೇಟುಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟಿನ ತೂತಿನ ಬಳಿ, ಮೇನ್ ಪ್ಲೇಟಿನ ಕಣ್ಣಿನ (ತುದಿಯ ಸುರುಳಿಯ) ಬಳಿ. ಸೆಂಟರ್ ಬೋಲ್ಟಿನ ಬಿರುಕು ಯು-ಬೋಲ್ಟಿನ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಪಕ್ಕದಲ್ಲಿ ತುಕ್ಕಿನ ಸಣ್ಣ ಗೆರೆ ಇಳಿದಿದ್ದರೆ ಅದೇ ಸುಳಿವು. ಪ್ಲೇಟುಗಳನ್ನು ಹಿಡಿದಿಡುವ ಕ್ಲಿಪ್ಪು ಕಳಚಿದ್ದರೆ ಹಳ್ಳದಿಂದ ಮೇಲೆ ಪುಟಿಯುವಾಗ ಎಲ್ಲ ಭಾರ ಮೇನ್ ಪ್ಲೇಟೊಂದರ ಮೇಲೆ ಬಿದ್ದು ಅದು ಬೇಗ ಮುರಿಯುತ್ತದೆ. ಮಿಶಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ಶ್ಯಾಕಲ್ (ಕಮಾನಿನ ತುದಿಯನ್ನು ಚಾಸಿಸ್ಸಿಗೆ ಸೇರಿಸುವ ಕೊಂಡಿ) ಮತ್ತು ಅದರ ಬ್ರಾಕೆಟ್ಟು ತಿಂದುಹೋಗಿರುತ್ತವೆ. ಸುತ್ತಿಗೆಯಿಂದ ತಟ್ಟಿದಾಗ ಪದರ ಉದುರಿದರೆ ಕಮಾನಿಗಿಂತ ಮೊದಲು ಅವನ್ನೇ ಬದಲಿಸಬೇಕು.

ಏರ್ ಬ್ಯಾಗ್ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇಲ್ಲೇ ಇದೆ. ಒಡೆದ ಪ್ಲೇಟಿದ್ದರೂ ಬ್ಯಾಗು ಗಾಡಿಯನ್ನು ಎತ್ತಿ ನಿಲ್ಲಿಸುತ್ತದೆ, ರೋಗ ಕಾಣುವುದೇ ಇಲ್ಲ. ಹೆದ್ದಾರಿಯಲ್ಲಿ ಬ್ಯಾಗು ಒಡೆದರೆ ಅಷ್ಟೂ ಭಾರ ಆ ಮುರುಕು ಕಮಾನಿನ ಮೇಲೆ ಒಮ್ಮೆಗೇ ಬೀಳುತ್ತದೆ.

ಕಮಾನು ಸರಿಪಡಿಸಲು ಅಮೆರಿಕದಲ್ಲೂ ಜನ ಇದ್ದಾರೆ. ದೊಡ್ಡ ಊರುಗಳ ಕೈಗಾರಿಕಾ ಪ್ರದೇಶದಲ್ಲಿ ಟ್ರಕ್ ಸ್ಪ್ರಿಂಗ್ ಅಂಗಡಿಗಳಿವೆ. ಅಳತೆ ಕೊಟ್ಟರೆ ಹೊಸ ಕಮಾನು ಕಟ್ಟಿಕೊಡುತ್ತವೆ. ಮೋಟರ್‌ಹೋಮ್ ಮಾರುವ ಆರ್‌ವಿ ಡೀಲರುಗಳು ಈ ಅಂಗಡಿಗಳ ಹೆಸರೆತ್ತುವುದು ಕಡಿಮೆ, ನಾವೇ ಹುಡುಕಬೇಕು. ಅಲ್ಲಿ ಎರಡು ಆಯ್ಕೆ: ಇರುವ ಕಮಾನಿಗೆ ಒಂದು ಪ್ಲೇಟು ಸೇರಿಸುವುದು ಅಥವಾ ಇಡೀ ಕಮಾನು ಹೊಸದು ಹಾಕುವುದು. ಒಂದೇ ದಪ್ಪದ ಐದು ಪ್ಲೇಟಿಗೆ ಅಂಥದ್ದೇ ಆರನೆಯದು ಸೇರಿಸಿದರೆ ಗಡಸುತನ ಸುಮಾರು ಶೇ. 20 ಏರುತ್ತದೆ. ಪ್ಲೇಟಿನ ದಪ್ಪ ಏರಿಸಿದರೆ ಲೆಕ್ಕ ಘನದಲ್ಲಿ ಹೋಗುತ್ತದೆ: 10 ಮಿಲಿಮೀಟರ್ ಬದಲು 12 ಹಾಕಿದರೆ ಆ ಪ್ಲೇಟು 1.7 ಪಟ್ಟು ಗಡಸು. ದಪ್ಪ ಪ್ಲೇಟಿಗೆ ಆಸೆಪಟ್ಟರೆ ಕಪಾಟಿನ ಬಾಗಿಲುಗಳೂ ಫ್ರಿಜ್ಜಿನ ತಿರುಪುಗಳೂ ಸಡಿಲಾಗುತ್ತವೆ. ಕಮಾನು ಒಟ್ಟಾರೆ ಸುಸ್ತಾಗಿದ್ದರೆ ಪ್ಲೇಟು ಸೇರಿಸುವುದು ದಂಡ; ಹಳೆಯವು ಮತ್ತೆ ಬಗ್ಗುತ್ತವೆ, ಹೊಸದೊಂದೇ ಭಾರ ಹೊತ್ತು ಮುರಿಯುತ್ತದೆ. ಆಗ ಎರಡೂ ಕಡೆ ಒಟ್ಟಿಗೆ ಹೊಸ ಕಮಾನು ಹಾಕಿಸಿ.

ಊರಿನ ಪದ್ಧತಿಯಲ್ಲಿ ನಾನು ಒಪ್ಪದ ಎರಡು ಸಂಗತಿ ಈ ಕೆಲಸದಲ್ಲೇ ಬರುತ್ತವೆ. ಗ್ಯಾಸ್ ಬತ್ತಿಯಲ್ಲಿ ಪ್ಲೇಟನ್ನು ಕೆಂಪಗೆ ಕಾಯಿಸಿ ಬಗ್ಗಿಸಿದರೆ ಉಕ್ಕಿನ ಹದ ಹೋಗುತ್ತದೆ. ಅಂಥ ಪ್ಲೇಟು ಬಂದ ದಿನ ಚೆನ್ನಾಗಿ ಕಂಡು, ಕೆಲವೇ ತಿಂಗಳಲ್ಲಿ ಮತ್ತೆ ಕೂರುತ್ತದೆ. ಬಾಗು ಕೊಡುವುದಾದರೆ ತಣ್ಣಗಿರುವಾಗಲೇ ಪ್ರೆಸ್ಸಿನಲ್ಲಿ ಕೊಡಬೇಕು, ಇಲ್ಲವೇ ಕುಲುಮೆಯಲ್ಲಿ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಮತ್ತೆ ಹದಮಾಡಬೇಕು. ಎರಡನೆಯದು, ಬಿಚ್ಚಿದ ಯು-ಬೋಲ್ಟನ್ನೇ ಮತ್ತೆ ಹಾಕುವುದು. ಒಮ್ಮೆ ಬಿಗಿದ ಯು-ಬೋಲ್ಟು ಹಿಗ್ಗಿರುತ್ತದೆ, ಥ್ರೆಡ್ಡೂ ನುರಿದಿರುತ್ತದೆ, ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ. ಹೊಸದನ್ನೇ ತನ್ನಿ. ಪ್ಲೇಟು ಸೇರಿಸಿದ್ದರೆ ಅದರ ದಪ್ಪದಷ್ಟು ಉದ್ದವೂ ಹೆಚ್ಚಿರಲಿ.

ಕಟ್ಟುವಾಗ ಚಾಸಿಸ್‌ಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಆಕ್ಸಲ್ಲನ್ನು ಬೇರೆ ಜಾಕಿನ ಮೇಲೆ ಹಿಡಿಯಿರಿ; ಗಾಡಿಯ ಲೆವೆಲಿಂಗ್ ಜಾಕುಗಳನ್ನೇ ನಂಬಿ ಕೆಳಗೆ ಹೋಗಬೇಡಿ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪೀಠದ ತೂತಿನಲ್ಲಿ ಪೂರ್ತಿ ಕೂರಬೇಕು. ಅದು ಅರ್ಧ ಕೂತರೆ ಆಕ್ಸಲ್ ಓರೆಯಾಗಿ, ಗಾಡಿ ಮೈ ಸೊಟ್ಟ ಮಾಡಿಕೊಂಡು ಓಡುತ್ತದೆ. ಯು-ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ ಸರದಿಯಲ್ಲಿ ಬಿಗಿಯಿರಿ. ರಬ್ಬರ್ ಬುಷ್ ಇರುವ ಕಣ್ಣಿನ ಬೋಲ್ಟುಗಳನ್ನು ಮಾತ್ರ ಗಾಡಿ ನೆಲಕ್ಕಿಳಿದು ಭಾರ ಬಿದ್ದಮೇಲೆಯೇ ಕೊನೆಯ ಬಿಗಿ ಮಾಡಬೇಕು. ಚಕ್ರ ನೇತಾಡುವಾಗ ಬಿಗಿದರೆ ಬುಷ್ ತಿರುಚಿಕೊಂಡೇ ಉಳಿದು ಹರಿಯುತ್ತದೆ. 500 ಮೈಲಿ ಓಡಿದ ಮೇಲೆ ಯು-ಬೋಲ್ಟು ಮತ್ತೆ ಬಿಗಿಸಿ. ಹಿಂಭಾಗ ಎತ್ತರವಾದ ಮೇಲೆ ಹೊಸದಾಗಿ ನಡುಕ ಶುರುವಾದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟಿದೆ ಎಂದರ್ಥ, ಕಮಾನಿನಡಿ ಓರೆ ಶಿಮ್ (ಒಂದು ಬದಿ ತೆಳುವಾದ ಲೋಹದ ಬಿಲ್ಲೆ) ಹಾಕಿಸಬೇಕಾಗುತ್ತದೆ.

ಎತ್ತರ ಸರಿಯಾದರೂ ಓಲಾಟ ಉಳಿಯಬಹುದು, ಅದರ ಮದ್ದೇ ಬೇರೆ. ತಿರುವಿನಲ್ಲಿ ಮೈ ವಾಲುವುದಕ್ಕೆ ಸ್ವೇ ಬಾರ್, ಅಂದರೆ ಎಡಬಲದ ಚಕ್ರಗಳ ನಡುವೆ ತಿರುಚಿ ವಾಲುವುದನ್ನು ತಡೆಯುವ ಸರಳು. ಅದರ ಗಡಸುತನ ವ್ಯಾಸದ ನಾಲ್ಕನೆಯ ಘಾತದಲ್ಲಿ ಏರುವುದರಿಂದ 1.25 ಇಂಚಿನಿಂದ 1.5ಕ್ಕೆ ಹೋದರೆ ಎರಡು ಪಟ್ಟಿಗೂ ಹೆಚ್ಚು. ಕ್ಲಾಸ್ ಎ (ಬಸ್ಸಿನ ಆಕಾರದ) ಗಾಡಿಗಳ ಫೋರ್ಡ್ ಎಫ್53 ಚಾಸಿಸ್ ಹಲವದರಲ್ಲಿ ಸ್ವೇ ಬಾರಿನ ತುದಿಗೆ ಎರಡೆರಡು ತೂತುಗಳಿರುತ್ತವೆ. ಲಿಂಕನ್ನು ಒಳತೂತಿಗೆ ಸರಿಸಿದರೆ ಬಿಡಿಭಾಗದ ಖರ್ಚಿಲ್ಲದೆಯೇ ವಾಲುವುದು ಕಡಿಮೆಯಾಗುತ್ತದೆ. ಪಕ್ಕದಲ್ಲಿ ಸೆಮಿ ಟ್ರಕ್ ಹಾದಾಗ ಹಿಂಭಾಗ ಅಡ್ಡಕ್ಕೆ ಜರುಗುವುದಕ್ಕೆ ಸ್ವೇ ಬಾರಿನಿಂದ ಪ್ರಯೋಜನವಿಲ್ಲ. ಕಮಾನು ಮತ್ತು ಬುಷ್ ಪಕ್ಕಕ್ಕೆ ಬಾಗುವುದರಿಂದ ಆಗುವ ತೊಂದರೆ ಅದು; ಚಾಸಿಸ್ಸನ್ನು ಆಕ್ಸಲ್‌ಗೆ ಅಡ್ಡಲಾಗಿ ಕಟ್ಟುವ ಟ್ರ್ಯಾಕ್ ಬಾರ್ ಬೇಕು. ಹಳ್ಳ ಹಾರಿದ ಮೇಲೆ ಗಾಡಿ ಎರಡು ಮೂರು ಸಲ ಕುಣಿದರೆ ಶಾಕ್ ಅಬ್ಸಾರ್ಬರ್ ಸತ್ತಿವೆ. ಶಾಕ್ ಭಾರ ಹೊರುವ ಭಾಗವಲ್ಲ, ಅದನ್ನು ಬದಲಿಸಿ ಎತ್ತರ ನಿರೀಕ್ಷಿಸಬಾರದು.

ಇಷ್ಟಾದ ಮೇಲೆ ಏರ್ ಬ್ಯಾಗಿಗೆ ಒಂದು ನ್ಯಾಯವಾದ ಜಾಗವಿದೆ: ಗಟ್ಟಿ ಕಮಾನಿನ ಮೇಲೆ ಎಡಬಲದ ಭಾರ ಸಮ ಮಾಡುವುದು. ಅದಕ್ಕೆ ಎರಡು ಬ್ಯಾಗಿಗೂ ಪ್ರತ್ಯೇಕ ಕೊಳವೆ, ಪ್ರತ್ಯೇಕ ವಾಲ್ವು ಇರಲೇಬೇಕು. ಒಂದೇ ಕೊಳವೆಯನ್ನು ಟೀ ಆಕಾರದ ಜೋಡಣೆಯಿಂದ ಕವಲೊಡೆಸಿ ಎರಡಕ್ಕೂ ಕೊಟ್ಟರೆ ತಿರುವಿನಲ್ಲಿ ಹೊರಬದಿಯ ಬ್ಯಾಗಿನ ಗಾಳಿ ಒಳಬದಿಗೆ ಓಡಿ ಗಾಡಿ ಇನ್ನಷ್ಟು ವಾಲುತ್ತದೆ. ಕೊಳವೆಯನ್ನು ಹೊಸ ಬ್ಲೇಡಿನಿಂದ ನೇರವಾಗಿ ಕೊಯ್ಯಿರಿ. ಕತ್ತರಿಯಿಂದ ಕತ್ತರಿಸಿದರೆ ತುದಿ ಚಪ್ಪಟೆಯಾಗಿ ಜೋಡಣೆಯಲ್ಲಿ ಸೋರುತ್ತದೆ. ಸೋಪು ನೀರು ಹಚ್ಚಿ ಗುಳ್ಳೆ ನೋಡಿ, ಒಂದು ರಾತ್ರಿ ಬಿಟ್ಟು ಒತ್ತಡ ಮತ್ತೆ ಅಳೆಯಿರಿ. ಸೈಲೆನ್ಸರ್ ಪೈಪು ಹತ್ತಿರವಿದ್ದರೆ ಶಾಖ ತಡೆಯುವ ತಗಡು ಕಡ್ಡಾಯ. ಗಾಡಿ ಖಾಲಿ ಇದ್ದರೂ 5 ಪಿಎಸ್‌ಐಗಿಂತ ಕೆಳಗೆ ಇಳಿಸಬೇಡಿ, ರಬ್ಬರು ಮಡಚಿ ಉಜ್ಜಿ ಹರಿಯುತ್ತದೆ.

ವೀಲ್ ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಗೆ. 200 ಇಂಚಿನ ವೀಲ್‌ಬೇಸಿನಲ್ಲಿ ಹಿಂಭಾಗ 2 ಇಂಚು ಎದ್ದರೆ ಮುಂದಿನ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಅರ್ಧ ಡಿಗ್ರಿಗೂ ಹೆಚ್ಚು ಇಳಿಯುತ್ತದೆ. ಹೊಸ ಕಮಾನು ಹಾಕಿದ ಮೇಲೆ ಸ್ಟೇರಿಂಗ್ ಇನ್ನೂ ಅಲೆಯುತ್ತಿದೆ ಎನ್ನುವವರ ದೂರಿನ ಮೂಲ ಬಹುಮಟ್ಟಿಗೆ ಇದು. ಇ-450ರಲ್ಲಿ ಮೇಲಿನ ಬಾಲ್ ಜಾಯಿಂಟಿನ ಓರೆ ಬುಷ್ ಬದಲಿಸಿ ಕ್ಯಾಸ್ಟರನ್ನು 5 ಡಿಗ್ರಿ ಆಸುಪಾಸಿಗೆ ತರಬಹುದು. ಕಾರಿನ ಅಂಗಡಿಗೆ ಹೋದರೆ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಒಂದನ್ನೇ ನೋಡಿ ಕಳಿಸುತ್ತಾರೆ, ಟ್ರಕ್ ಅಲೈನ್‌ಮೆಂಟ್ ಮಾಡುವಲ್ಲಿಗೇ ಒಯ್ಯಿರಿ. ಪ್ರವಾಸಕ್ಕೆ ಹೊರಡುವಾಗ ಎಷ್ಟು ಭಾರ ಇರುತ್ತದೋ ಅಷ್ಟನ್ನೂ ಹೇರಿಕೊಂಡೇ ಹೋಗಿ, ಬ್ಯಾಗಿನಲ್ಲಿ ಓಡಿಸುವಾಗಿನ ಗಾಳಿಯೇ ಇರಲಿ.