ಕದನ ನಿಂತ ಜಿಲ್ಲೆಗಳಿಗೆ ಹೆಚ್ಚು ಪೊಲೀಸರು ಬೇಕೇ?

ಪ್ರಶ್ನೆ: ಯುದ್ಧ ಮುಗಿದ ಜಿಲ್ಲೆಗಳಲ್ಲಿ ಪೊಲೀಸರ ಸಂಖ್ಯೆ ಹೆಚ್ಚಿಸಿದರೆ ಅಪರಾಧ ಇಳಿಯುತ್ತದೆಯೇ?

ಪರ: ಮೊದಲು ಠಾಣೆ ತುಂಬಲಿ
(ಲೇಖಕರು ಮಂಡ್ಯದ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್)

ಶ್ರೀಲಂಕಾದ ಉತ್ತರ ಪ್ರಾಂತ್ಯದಲ್ಲಿ ಜಾಫ್ನಾ, ಕಿಲಿನೋಚ್ಚಿ, ಮುಲ್ಲೈತೀವು, ವವುನಿಯಾ ಮತ್ತು ಮನ್ನಾರ್ ಎಂಬ ಐದು ಜಿಲ್ಲೆಗಳಿವೆ. ಯುದ್ಧದ ಕಾಲದಲ್ಲಿ, ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಎಲ್‌ಟಿಟಿಇ ತನ್ನ ಹಿಡಿತದಲ್ಲಿದ್ದ ಪ್ರದೇಶಗಳಲ್ಲಿ ತನ್ನದೇ ಪೊಲೀಸ್ ಪಡೆಯನ್ನೂ ತನ್ನದೇ ನ್ಯಾಯಾಲಯಗಳನ್ನೂ ನಡೆಸುತ್ತಿತ್ತು. ಆ ಆಡಳಿತವನ್ನು ಹೊಗಳುವ ಅಗತ್ಯ ನನಗಿಲ್ಲ; ಆದರೆ 2009ರ ಮೇ ತಿಂಗಳಲ್ಲಿ ಯುದ್ಧ ಮುಗಿದಾಗ ಆ ವ್ಯವಸ್ಥೆಯೂ ರಾತ್ರೋರಾತ್ರಿ ಇಲ್ಲವಾಯಿತು ಎಂಬುದು ನಿಜ. ಆಮೇಲಿನ ವರ್ಷಗಳಲ್ಲಿ ಜಾಫ್ನಾದಲ್ಲಿ ಕತ್ತಿ ಹಿಡಿದು ಮನೆಗಳಿಗೆ ನುಗ್ಗುವ ಯುವಕರ ಗುಂಪುಗಳು ತಲೆಯೆತ್ತಿದವು, ‘ಆವಾ’ ಎಂಬ ಗುಂಪಿನ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು. ಹೇಳುವವರು ಕೇಳುವವರು ಇಲ್ಲದ ಕಡೆ ಪುಂಡರು ಹುಟ್ಟಿಕೊಳ್ಳಲು ಬೇರೆ ಕಾರಣವೇ ಬೇಕಿಲ್ಲ.

ಅಲ್ಲಿ ಸೈನ್ಯ ಇತ್ತಲ್ಲವೇ ಎಂದು ಕೇಳುವವರಿದ್ದಾರೆ. ಸೈನ್ಯ ಬಾಗ್ದಾದಿನಲ್ಲೂ ಇತ್ತು. 2003ರ ಏಪ್ರಿಲ್‌ನಲ್ಲಿ ಸದ್ದಾಂ ಹುಸೇನ್ ಸರ್ಕಾರ ಉರುಳಿದಾಗ ನಗರದ ಪೊಲೀಸರು ಸಮವಸ್ತ್ರ ಕಳಚಿಟ್ಟು ಮನೆ ಸೇರಿದರು. ಅಮೆರಿಕದ ಟ್ಯಾಂಕುಗಳು ಬೀದಿಯಲ್ಲಿ ನಿಂತಿದ್ದಂತೆಯೇ ಸಚಿವಾಲಯಗಳು, ಆಸ್ಪತ್ರೆಗಳು, ಕೊನೆಗೆ ರಾಷ್ಟ್ರೀಯ ವಸ್ತುಸಂಗ್ರಹಾಲಯ ಕೂಡ ಲೂಟಿಯಾದವು. ಕಳ್ಳನ ಬೆನ್ನು ಹತ್ತುವುದು, ಮಹಜರು ಬರೆಯುವುದು, ಸಾಕ್ಷಿಯನ್ನು ನ್ಯಾಯಾಲಯದವರೆಗೆ ಕಾಪಾಡಿಕೊಂಡು ಹೋಗುವುದು ಸೈನಿಕನಿಗೆ ಬಾರದ ಕೆಲಸ. ಸೆರ್ಬಿಯಾದಿಂದ ಬೇರೆಯಾಗಲು ಯುದ್ಧ ನಡೆದ, ಯುರೋಪಿನ ಕೊಸೊವೊದ ಅನುಭವವೂ ಇದನ್ನೇ ಹೇಳುತ್ತದೆ. 1999ರ ಜೂನ್‌ನಲ್ಲಿ ಅಲ್ಲಿ ವಾರಕ್ಕೆ ಸುಮಾರು 50 ಕೊಲೆಗಳಾಗುತ್ತಿದ್ದವೆಂದೂ ಮರುವರ್ಷದ ಹೊತ್ತಿಗೆ ಅದು 5ರ ಆಸುಪಾಸಿಗೆ ಇಳಿಯಿತೆಂದೂ ಅಲ್ಲಿ ಪಡೆ ಇಟ್ಟಿದ್ದ ಸೇನಾ ಕೂಟ ನ್ಯಾಟೊ ಲೆಕ್ಕ ಕೊಟ್ಟಿತು. ಆ ನಡುವೆ ವಿಶ್ವಸಂಸ್ಥೆಯು ನಾನಾ ದೇಶಗಳ ಪೊಲೀಸರನ್ನು, ಅವರಲ್ಲಿ ನಮ್ಮ ದೇಶದವರನ್ನೂ, ಅಲ್ಲಿಗೆ ಕಳುಹಿಸಿತ್ತು ಮತ್ತು ವುಶ್ತ್ರಿ ಎಂಬ ಪಟ್ಟಣದಲ್ಲಿ ಸ್ಥಳೀಯರಿಗೆ ಪೊಲೀಸ್ ತರಬೇತಿ ಶಾಲೆ ತೆರೆದಿತ್ತು.

ದೂರದ ದೇಶಗಳ ಮಾತು ಸಾಕು. ನಾನು ಮಂಡ್ಯ ಜಿಲ್ಲೆಯ ಒಂದು ಗ್ರಾಮಾಂತರ ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದ ವರ್ಷ ಅರ್ಧಕ್ಕೂ ಹೆಚ್ಚು ಸಿಬ್ಬಂದಿ ದಸರಾ ಬಂದೋಬಸ್ತಿಗೆ ಮೈಸೂರಿಗೆ ಹೋದರು. ಠಾಣೆಯಲ್ಲಿ ಉಳಿದವರು ರೈಟರು, ಸೆಂಟ್ರಿ ಮತ್ತು ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ದಫೇದಾರರು. ಅದೇ ವಾರ ನಾಲೆಯ ಏರಿಯುದ್ದಕ್ಕೂ ಪಂಪ್‌ಸೆಟ್ಟುಗಳ ಕೇಬಲ್ ಕಳವು ಶುರುವಾಯಿತು. ತಾಮ್ರ ಬಿಡಿಸಿಕೊಳ್ಳಲು ಕೇಬಲ್ ಸುಟ್ಟ ಜಾಗಗಳು ಗದ್ದೆಯ ಬದುಗಳ ಮೇಲೆ ಕಪ್ಪಗೆ ಕಾಣುತ್ತಿದ್ದವು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬೆಳಗಾದರೂ ಹೋಗಿರುತ್ತಿರಲಿಲ್ಲ. ದೂರು ಕೊಡಲು ಬಂದ ರೈತರೊಬ್ಬರು, “ಸಾರ್, ನಿಮ್ಮೋರೆಲ್ಲ ಜಂಬೂಸವಾರಿ ಕಾಯ್ತಾವ್ರೆ, ನಮ್ ಮೋಟ್ರು ಕಾಯೋರ್ಯಾರು?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಸಿಬ್ಬಂದಿ ಹಿಂತಿರುಗಿದ ಮೇಲೆ ದಾರಿಯ ಆಲೆಮನೆಗಳ ಕಂಬಗಳಿಗೆ ಗಸ್ತು ಪುಸ್ತಕ ನೇತುಹಾಕಿ, ಇಬ್ಬಿಬ್ಬರಂತೆ ಬೈಕಿನಲ್ಲಿ ಕಳುಹಿಸಿ, ನಡುರಾತ್ರಿ ಒಮ್ಮೆ, ಕೋಳಿ ಕೂಗುವ ಮುಂಚೆ ಒಮ್ಮೆ ರುಜು ಹಾಕಿಸಿದೆವು. ಬೆಲ್ಲದ ಅಂಟು ಹತ್ತಿ ಆ ಪುಸ್ತಕದ ಹಾಳೆಗಳನ್ನು ಬಿಡಿಸುವುದೇ ಕಷ್ಟವಾಗಿತ್ತು, ಆದರೂ ರುಜು ತಪ್ಪಲಿಲ್ಲ. ಗುಜರಿ ಅಂಗಡಿಗಳಿಗೂ ಎಚ್ಚರಿಕೆ ಹೋಯಿತು. ದೀಪಾವಳಿಯ ಹೊತ್ತಿಗೆ ಕಳವು ನಿಂತಿತು, ಮತ್ತು ಆ ಪ್ರಕರಣಗಳಲ್ಲಿ ನಾವು ಒಬ್ಬನನ್ನೂ ಹಿಡಿದಿರಲಿಲ್ಲ ಎಂಬುದನ್ನು ಗಮನಿಸಬೇಕು. ಖಾಕಿ ಕಂಡದ್ದೇ ಸಾಕಾಯಿತು.

ಯುದ್ಧವನ್ನೇ ಕಾಣದ, ನೀರಾವರಿ ಇರುವ, ನೆಮ್ಮದಿಯ ಜಿಲ್ಲೆಯೊಂದರಲ್ಲಿ ಸಿಬ್ಬಂದಿ ಇಲ್ಲದ ಒಂದು ವಾರಕ್ಕೆ ಇಷ್ಟಾದರೆ, ಬಂದೂಕುಗಳು ಮನೆಮನೆಯಲ್ಲಿ ಉಳಿದಿರುವ, ಕೆಲಸ ಕಳೆದುಕೊಂಡ ಹೋರಾಟಗಾರರು ಊರೂರಿನಲ್ಲಿರುವ, ಜಮೀನಿನ ದಾಖಲೆಗಳು ಸುಟ್ಟುಹೋಗಿ ಗಡಿಜಗಳಗಳು ಎದ್ದಿರುವ ಜಿಲ್ಲೆಯ ಗತಿಯನ್ನು ಊಹಿಸಿ. ನಮ್ಮ ದೇಶದಲ್ಲೇ ಲಕ್ಷ ಜನಕ್ಕೆ ಮಂಜೂರಾದ ಪೊಲೀಸರು ಸುಮಾರು 195, ವಾಸ್ತವದಲ್ಲಿ ಇರುವವರು 150ರ ಆಸುಪಾಸು. ಈ ಕೊರತೆಯ ಬೆಲೆ ಏನೆಂದು ಠಾಣೆಯಲ್ಲಿ ಕುಳಿತವರಿಗೆ ಗೊತ್ತು.

ಪೊಲೀಸರು ಹೆಚ್ಚಾದಲ್ಲೆಲ್ಲ ಅಪರಾಧದ ಅಂಕಿಯೂ ಏರುತ್ತದೆ ಎಂದು ಅಂಕಿಅಂಶದ ಪಂಡಿತರು ಹೇಳುತ್ತಾರೆ. ಹಾಗಾದರೆ ಠಾಣೆಗಳನ್ನೆಲ್ಲ ಮುಚ್ಚಿಬಿಟ್ಟರೆ ಅಪರಾಧ ಸೊನ್ನೆಗೆ ಬರಬೇಕಲ್ಲ! ಇಂಥ ವಾದಕ್ಕೆ ಹೆಚ್ಚು ಜಾಗ ಕೊಡಲು ನನಗೆ ಮನಸ್ಸಿಲ್ಲ. ಮೊದಲು ಠಾಣೆ ತುಂಬಲಿ. ಭಾಷೆ, ತರಬೇತಿ, ಸುಧಾರಣೆಗಳ ಚರ್ಚೆಯನ್ನು ಅದರ ಬಾಗಿಲ ಮುಂದೆ ಕುಳಿತು ಮಾಡೋಣ.

ವಿರೋಧ: ತಲೆ ಎಣಿಸಿದರೆ ಸಾಲದು
(ಲೇಖಕಿ ಮೈಸೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅಧ್ಯಾಪಕಿ)

ಈ ಚರ್ಚೆಯಲ್ಲಿ ನನಗೆ ವಿರೋಧದ ಪಕ್ಷವನ್ನು ವಹಿಸಲಾಗಿದೆ. ಠಾಣೆಯೇ ಇಲ್ಲದ ಊರಿಗಿಂತ ಠಾಣೆ ಇರುವ ಊರು ಮೇಲು ಎಂಬುದರಲ್ಲಿ ನನಗೂ ತಕರಾರಿಲ್ಲ. ಆದ್ದರಿಂದ ಒಂದು ಮಟ್ಟದ ಆಚೆಗೆ ಪೊಲೀಸರ ಸಂಖ್ಯೆಯನ್ನು ಏರಿಸುತ್ತ ಹೋಗುವುದರಿಂದ ಹೆಚ್ಚೇನೂ ದಕ್ಕುವುದಿಲ್ಲ ಎಂಬಷ್ಟಕ್ಕೆ ನನ್ನ ವಾದವನ್ನು ನಿಲ್ಲಿಸುತ್ತೇನೆ.

ಎದುರು ಪಕ್ಷದ ಲೇಖನವನ್ನು ನನಗೆ ಮೊದಲೇ ಓದಲು ಕೊಟ್ಟಿದ್ದರು. ಹಿರಿಯರು ನಗೆಯಾಡಿ ಬಿಟ್ಟ ಅಂಕಿಅಂಶದ ಮಾತೇ ಇಲ್ಲಿ ಮುಖ್ಯವಾದದ್ದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಪಟ್ಟಿಗಳಲ್ಲಿ ಕೇರಳದ ಅಪರಾಧ ಪ್ರಮಾಣ ಮೇಲಿನ ಸಾಲುಗಳಲ್ಲಿ ಇರುತ್ತದೆ. ಅಲ್ಲಿಯ ಜನ ಉಳಿದವರಿಗಿಂತ ಕೆಟ್ಟವರೆಂದು ಯಾರೂ ಹೇಳುವುದಿಲ್ಲ; ಅಲ್ಲಿ ಜನ ದೂರು ಕೊಡುತ್ತಾರೆ, ಠಾಣೆಯವರು ಬರೆದುಕೊಳ್ಳುತ್ತಾರೆ. ಯುದ್ಧ ಮುಗಿದ ಜಿಲ್ಲೆಗಳಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಠಾಣೆ ಇಲ್ಲದಿದ್ದಾಗ ನಡೆದ ಕಳವು ಯಾವ ಪುಸ್ತಕದಲ್ಲೂ ಇಲ್ಲ, ಠಾಣೆ ತೆರೆದ ವರ್ಷ ನಡೆದದ್ದೆಲ್ಲ ಇದೆ. ಜೊತೆಗೆ ಹೆಚ್ಚು ಗಲಭೆಯ ಜಿಲ್ಲೆಗೇ ಹೆಚ್ಚು ಪೊಲೀಸರನ್ನು ಕಳುಹಿಸುವುದು ಎಲ್ಲ ಸರ್ಕಾರಗಳ ರೂಢಿ. ಹೀಗಿರುವಾಗ ಜಿಲ್ಲೆ ಜಿಲ್ಲೆಗಳ ಪಟ್ಟಿಯನ್ನು ಪಕ್ಕಪಕ್ಕದಲ್ಲಿಟ್ಟು ಯಾವ ಪಕ್ಷವನ್ನು ಬೇಕಾದರೂ ಗೆಲ್ಲಿಸಬಹುದು. ಕೊಸೊವೊದಲ್ಲಿ ಕೊಲೆಗಳು ಇಳಿದದ್ದಕ್ಕೂ, ಆ ತಿಂಗಳುಗಳಲ್ಲಿ ಅಲ್ಲಿಯ ಅಲ್ಪಸಂಖ್ಯಾತರಾದ ಲಕ್ಷಕ್ಕೂ ಹೆಚ್ಚು ಸೆರ್ಬರು ಹಾಗೂ ಇತರರು ಜೀವಭಯದಿಂದ ಊರು ಬಿಟ್ಟು ಹೋದದ್ದಕ್ಕೂ ಸಂಬಂಧವಿಲ್ಲವೆಂದು ಹೇಳಲಾಗದು.

ಗಸ್ತಿನ ವಿಷಯದಲ್ಲಿ 1972-73ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಒಂದು ಪ್ರಯೋಗ ನಡೆಯಿತು. ನಗರದ 15 ಬೀಟುಗಳನ್ನು ಮೂರು ಗುಂಪು ಮಾಡಿ, ಒಂದರಲ್ಲಿ ವಾಹನ ಗಸ್ತು ನಿಲ್ಲಿಸಿ, ಒಂದರಲ್ಲಿ ಹೆಚ್ಚಿಸಿ, ಒಂದರಲ್ಲಿ ಇದ್ದಂತೆ ಬಿಟ್ಟರು. ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ವಿರುದ್ಧವಾದ ಅಧ್ಯಯನಗಳೂ ಇವೆ. 1994ರ ಬಾಂಬ್ ದಾಳಿಯ ನಂತರ ಬ್ಯೂನಸ್ ಐರಿಸ್‌ನಲ್ಲಿ ಯೆಹೂದಿ ಸಂಸ್ಥೆಗಳ ಮುಂದೆ ಪೊಲೀಸ್ ಕಾವಲು ಹಾಕಿದಾಗ ಆ ಬೀದಿಗಳಲ್ಲಿ ಕಾರು ಕಳವು ಬಹಳವಾಗಿ ಇಳಿಯಿತು, ಆದರೆ ಮುಂದಿನ ಬೀದಿಯಲ್ಲಿ ಇಳಿಯಲಿಲ್ಲ. ಆಲೆಮನೆಯ ಗಸ್ತು ಪುಸ್ತಕಕ್ಕೆ ಹೆದರಿದ ಕೇಬಲ್ ಕಳ್ಳರು ಪಕ್ಕದ ಠಾಣೆಯ ಸರಹದ್ದಿನಲ್ಲಿ ದೀಪಾವಳಿ ಮಾಡಿದರೋ ಏನೋ, ಆ ಠಾಣೆಯವರನ್ನು ವಿಚಾರಿಸಬೇಕು.

ಜಾಫ್ನಾಕ್ಕೆ ಬರೋಣ. ಪುಂಗುಡುತೀವಿನಲ್ಲಿ 2015ರ ಮೇ ತಿಂಗಳಲ್ಲಿ ಶಾಲಾ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆದು ಕೊಲೆಯಾದಾಗ ಜನ ನ್ಯಾಯಾಲಯದ ಮೇಲೆಯೇ ಕಲ್ಲು ತೂರಿದರು. ಆ ಪ್ರಕರಣದ ಆರೋಪಿಯೊಬ್ಬ ತಪ್ಪಿಸಿಕೊಳ್ಳಲು ನೆರವಾದರೆಂಬ ಆರೋಪದ ಮೇಲೆ 2017ರಲ್ಲಿ ಬಂಧನಕ್ಕೊಳಗಾದವರು ಒಬ್ಬ ಹಿರಿಯ ಪೊಲೀಸ್ ಅಧಿಕಾರಿ. 2016ರ ಅಕ್ಟೋಬರ್‌ನಲ್ಲಿ ಜಾಫ್ನಾ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಬೈಕಿನಲ್ಲಿ ಹೋಗುತ್ತಿದ್ದಾಗ ಸತ್ತರು. ಮೊದಲು ಅದನ್ನು ರಸ್ತೆ ಅಪಘಾತವೆನ್ನಲಾಯಿತು, ಗುಂಡಿನ ಗಾಯ ಪತ್ತೆಯಾದ ಮೇಲೆ ಐವರು ಪೊಲೀಸರ ಬಂಧನವಾಯಿತು. ತಮಿಳು ಮಾತನಾಡುವ ಜನರ ನಡುವೆ ಹೆಚ್ಚಾಗಿ ಸಿಂಹಳ ಮಾತನಾಡುವ ಪೊಲೀಸರನ್ನು ನಿಲ್ಲಿಸಿದ್ದ ಕಡೆ, ಇನ್ನೂ ಒಂದು ಪಟಾಲಂ ಬಂದಿದ್ದರೆ ದೂರು ಹೇಳಿಕೊಳ್ಳುವವರು ಹೆಚ್ಚುತ್ತಿದ್ದರೇ? ಪೊಲೀಸ್ ಅಧಿಕಾರವನ್ನು ಪ್ರಾಂತ್ಯಗಳಿಗೆ ಕೊಡಬೇಕೆಂದು ಆ ದೇಶದ ಸಂವಿಧಾನದ 1987ರ 13ನೇ ತಿದ್ದುಪಡಿ ಹೇಳುತ್ತದೆ, ಜಾರಿ ಮಾತ್ರ ಆಗಿಲ್ಲ.

ಉತ್ತರ ಐರ್ಲೆಂಡ್ ಬೇರೆ ದಾರಿ ಹಿಡಿಯಿತು. ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಸಮುದಾಯಗಳ ದಶಕಗಳ ಕಾದಾಟಕ್ಕೆ ತೆರೆ ಎಳೆದ 1998ರ ಶಾಂತಿ ಒಪ್ಪಂದದ ನಂತರ ಕ್ರಿಸ್ ಪ್ಯಾಟನ್ ನೇತೃತ್ವದ ಆಯೋಗವು ಪೊಲೀಸರ ಸಂಖ್ಯೆಯನ್ನು 7,500ಕ್ಕೆ ಇಳಿಸಬೇಕೆಂದೂ ಪ್ರೊಟೆಸ್ಟೆಂಟರೇ ಹೆಚ್ಚಾಗಿದ್ದ ಆ ಪಡೆಯ ಹೊಸ ನೇಮಕಾತಿಯಲ್ಲಿ ಅರ್ಧದಷ್ಟು ಕ್ಯಾಥೊಲಿಕರು ಇರಬೇಕೆಂದೂ ಹೇಳಿತು. 2001ರಲ್ಲಿ ಪಡೆಯ ಹೆಸರು, ಲಾಂಛನಗಳೂ ಬದಲಾದವು. ಅದುವರೆಗೆ ಶೇಕಡ 8ರ ಆಸುಪಾಸಿನಲ್ಲಿದ್ದ ಕ್ಯಾಥೊಲಿಕರ ಪಾಲು 2011ರ ವೇಳೆಗೆ ಸುಮಾರು 30ಕ್ಕೆ ಬಂತು.

ಬಾಗ್ದಾದಿನ ಲೂಟಿಗೆ ನಾನು ಉತ್ತರ ಕೊಡಬೇಕೆಂದು ಸಂಪಾದಕರು ನೆನಪಿಸಿದ್ದಾರೆ. ಅಲ್ಲಿ ಆಗ ಸರ್ಕಾರವೇ ಇರಲಿಲ್ಲ. ಸರ್ಕಾರವಿಲ್ಲದ ನಗರಕ್ಕೆ ಎಷ್ಟು ಪೊಲೀಸರು ಬೇಕೆಂಬುದು ಬೇರೆಯೇ ಪ್ರಶ್ನೆ, ಅದನ್ನು ನನಗೆ ಕೇಳಿಲ್ಲ.